ಗಂಟಿನ ಸ್ಯಾಂಪಲ್ಲು

ನನ್ನ ಕುತ್ತಿಗೆಯ ಗಂಟಿನಿಂದ ತೆಗೆದ ತುಂಡು ಗಾಜಿನ ಪಟ್ಟಿಯ ಮೇಲೆ ಡಾಕ್ಟರ ಮೇಜಿಗೆ ಬಂದಾಗ ಅದನ್ನು ಮೊದಲು ಎತ್ತಿಕೊಂಡವನು ನನ್ನ ಅಣ್ಣ. ಶಿರಸಿ ಪೇಟೆಯಲ್ಲಿ ಜೀವಮಾನವಿಡೀ ಅಡಿಕೆ ನೋಡಿ ದರ್ಜೆ ಹೇಳಿದವನು. ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಎಂತದೂ ಕಾಣಲಿಲ್ಲ ಎಂಬುದು ಮುಖದಲ್ಲೇ ಗೊತ್ತಾಯಿತು, ಆದರೂ ಹೂಂಗುಟ್ಟಿದ.

ಅದು ಲಿಂಫೋಮಾ, ದುಗ್ಧಗ್ರಂಥಿಯ ಕ್ಯಾನ್ಸರ್ ಎಂಬುದು ಮೊದಲೇ ತಿಳಿದಿತ್ತು. ತಿಳಿಯಬೇಕಾದದ್ದು ನಾನು ಉಳಿಯುತ್ತೇನೋ ಇಲ್ಲವೋ ಎಂಬುದು. ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಶಿರಸಿಗೆ ಬರುವ ಡಾಕ್ಟರು ಬಿಡಿಸಿ ಹೇಳಿದರು: "ಗಂಟಿನೊಳಗ ಬರೇ ಕ್ಯಾನ್ಸರ್ ಇರೂದಿಲ್ರಿ. ಅದರ ಜೋಡಿ ಹೊಡದಾಡೋ ನಿಮ್ಮ ಕಾವಲು ಕಣಗಳೂ ಇರ್ತಾವು. ಅವು ಎಷ್ಟು ಅದಾವು ಅಂತ ದೊಡ್ಡ ಲ್ಯಾಬಿನಾಗ ನೋಡಿಸಿದ್ರ, ಮುಂದ ಹೆಂಗ ಅಂತ ಒಂದಿಷ್ಟು ಅಂದಾಜು ಸಿಗತೈತಿ."

ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ತುಂಡು ಮೇಲಿಂದ ತೆಗ್ದದ್ದೋ ಅಡಿಯಿಂದ್ಲೋ?" ಎಂದು ಕೇಳಿದ. ಒಂದೇ ಹಿಡಿ ನೋಡಿ ಇಡೀ ಚೀಲದ ದರ್ಜೆ ಹೇಳುವವನು ಪೆದ್ದ ಎಂಬುದು ಅವನ ಸಿದ್ಧಾಂತ. "ಮೂರು ಕಡೆ ಚುಚ್ಚಿ ನೋಡಿ ಡಾಕ್ಟ್ರೇ" ಎಂದ. ಚೀಲ ಅಂದರೆ ಅವನ ತಂಗಿ, ನಾನು. ನನಗೆ ಮೈಯೆಲ್ಲ ಉರಿಯಿತು.

ಡಾಕ್ಟರಾದರೂ ಗದರಬೇಕಿತ್ತು. "ನೀವು ಹೇಳೂದರಾಗ ಹುರುಳೈತ್ರಿ, ಜಾಗಾ ಬದಲಾದ್ರ ಎಣಿಕಿನೂ ಬದಲಾಗಬಹುದು" ಅಂದುಬಿಟ್ಟರು. ಮಂಗನಿಗೆ ಹೆಂಡ ಕುಡಿಸಿದ ಹಾಗಾಯಿತು.

ಮುಂದಿನ ತಿಂಗಳು ವರದಿಗೆಂದು ಹೋದಾಗ ಹೊರಗಿನ ಬೆಂಚಿನಲ್ಲಿ ಅಣ್ಣ ಈ ವಿದ್ಯೆಯನ್ನೆಲ್ಲ ಬಿಚ್ಚಿಟ್ಟ. ದಾಸನಕೊಪ್ಪದ ರೈತರೊಬ್ಬರು ಅಂಗಿಯ ಕಾಲರು ಸರಿಸಿ, "ನಂದೂ ಒಮ್ಮೆ ನೋಡ್ರಿ" ಎಂದು ಕುತ್ತಿಗೆ ಒಡ್ಡಿದರು. ಅಣ್ಣ ಕನ್ನಡಕ ಹಾಕಿಕೊಂಡು ಹೆಬ್ಬೆರಳಲ್ಲಿ ಒತ್ತಿ, "ಒಡೆದು ನೋಡದೆ ಹೇಳೂಕೆ ಬರೂದಿಲ್ಲ" ಎಂದು ತೀರ್ಪು ಕೊಟ್ಟ. ಅವರು ಸಮಾಧಾನದಿಂದ ಕೈಮುಗಿದರು. ಬೆಂಚಿನಲ್ಲಿ ಇನ್ನಿಬ್ಬರು ಹತ್ತಿರ ಸರಿದು ಕೂತರು. ನಾನು ಗೋಡೆ ನೋಡುತ್ತ ಕೂತೆ.

ಒಳಗೆ ಡಾಕ್ಟರು ವರದಿ ಎರಡು ಸಲ ಓದಿದರು. "ಕಾವಲು ಕಣ ಕಡಿಮಿ ಅದಾವ್ರಿ. ಹಂಗಂತ ಮುಗೀತು ಅಂತಲ್ಲ, ಔಷಧ ಶುರು ಮಾಡೋಣು."

ಸ್ಯಾಂಪಲ್ಲೇ ಸರಿ ಇಲ್ಲವೆಂದು ಅಣ್ಣ ಜಗಳ ತೆಗೆಯಲಿ ಎಂದು ಅಂದು ಮನಸಾರೆ ಬಯಸಿದೆ. ಅವನು ಅಂಗಿಯ ತೋಳು ಮಡಚಿ ಕೈ ಮೇಜಿನ ಮೇಲಿಟ್ಟ.

"ಇವಳದ್ದು ಕಡಿಮೆ ಇದ್ರೆ ನನ್ನದ್ರಲ್ಲಿ ತೆಗ್ದು ಸೇರ್ಸಿ. ಒಂದೇ ತಾಯಿ ಹಡೆದದ್ದು."

ಮಾಲಿಗೆ ಮಾಲು ಬೆರೆಸಿದ್ದಾರೆಂದು ನನ್ನ ಗಂಡನ ಅಡಿಕೆ ಚೀಲಗಳನ್ನೇ ಪೇಟೆಯಿಂದ ನಮ್ಮೂರು ವಜ್ರಳ್ಳಿಗೆ ವಾಪಸು ಕಳಿಸಿದ್ದ ಮನುಷ್ಯ ಇವನು.

"ನಿಮ್ಮದು ಇವರಿಗೆ ಹಂಗ ಹಾಕಾಕ ಬರೂದಿಲ್ರಿ" ಎಂದರು ಡಾಕ್ಟರು, ಮೆಲ್ಲಗೆ.

ಅಣ್ಣ ಕೈ ತೆಗೆಯಲಿಲ್ಲ. ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೇ ಕೂಸೇ, ನಂದು ಒಳ್ಳೆ ಮಾಲು ಅಂತ" ಎಂದ.

ನಾನು ಅಳುತ್ತ ಡಾಕ್ಟರಿಗೆ ಹಾಗೆಯೇ ಹೇಳಿದೆ.