ಜಯನಗರಕ್ಕೆ ಕಳ್ಳನನ್ನು ಹಿಡಿಯಲು ಹೋದದ್ದು

ಬೆಳಗ್ಗೆ ಆರೂವರೆಗೆ ಊರು ಬಿಟ್ಟೆ. ಕನಕಪುರದಿಂದ ಬನಶಂಕರಿಗೆ ಬಸ್ಸು; ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಕಿಟಕಿ ಪಕ್ಕ ಸೀಟೂ ಸಿಕ್ಕಿತು. ತುಂತುರು ಮಳೆ, ತಣ್ಣನೆ ಗಾಳಿ. ನಾನು ಹೊರಟದ್ದು ಮಾತ್ರ ಜಗಳಕ್ಕೆ.

ರೈತರಿಗೆ ಸರ್ಕಾರ ಹಾಕುವ ಎರಡೆರಡು ಸಾವಿರದಲ್ಲಿ ಮೂರು ಕಂತು ನನಗೆ ಬಂದಿರಲಿಲ್ಲ. ವಿಚಾರಿಸಿದರೆ ಕೃಷಿ ಕಚೇರಿಯ ಹುಡುಗಿ ಕಂಪ್ಯೂಟರ್ ನೋಡಿ, "ಬರ್ತಾ ಐತಲ್ಲಮ್ಮ, ಜಯನಗರದ ಬ್ಯಾಂಕಿಗೆ" ಎಂದಳು. ಜಯನಗರ! ನನ್ನ ಕಾಗದಪತ್ರ ನೋಡಿಕೊಳ್ಳುವವನು ಮೈದುನ ಕೆಂಪರಾಜು. ವಾರಕ್ಕೆರಡು ಸಲ ಜಯನಗರದ ಮಾರ್ಕೆಟ್ಟಿಗೆ ಸೊಪ್ಪು ಹಾಕುವವನೂ ಅವನೇ. ಇನ್ನೇನು ಬೇಕು? ಮರುದಿನವೇ ಹಾಲಿನ ಡೈರಿ ಮುಂದೆ, ಊರೆಲ್ಲ ಕೇಳುವಂತೆ, ಅವನನ್ನು ಕಳ್ಳ ಅಂದುಬಿಟ್ಟೆ. ಅವನು ತನ್ನ ಹಾಲಿನ ಕ್ಯಾನೆತ್ತಿಕೊಂಡು ಸಾಲಿನ ಆ ತುದಿಗೆ ಹೋದ. ಅಂದಿನಿಂದ ಡೈರಿಯ ಸಾಲಿನಲ್ಲಿ ಅವನ ಕ್ಯಾನು ಒಂದು ತುದಿ, ನನ್ನದು ಇನ್ನೊಂದು ತುದಿ.

ಬನಶಂಕರಿಯಲ್ಲಿ ಇಳಿದು ಇನ್ನೊಂದು ಬಸ್ಸಿನಲ್ಲಿ ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆ. ಬ್ಯಾಂಕು ತೆರೆಯಲು ಹೊತ್ತಿತ್ತು. ನಿಂತುಕೊಂಡೇ ಎರಡು ಇಡ್ಲಿ ತಿಂದೆ, ನಲವತ್ತು ರೂಪಾಯಿ. ಚಟ್ನಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಬ್ಯಾಂಕಿನ ಹುಡುಗಿಗೆ ಆಧಾರ್ ಕೊಟ್ಟು, "ನನ್ನ ಹೆಸರಲ್ಲಿ ಯಾವೋನು ಖಾತೆ ತೆಗ್ದಿದ್ದು, ತೋರ್ಸವ್ವ" ಎಂದೆ.

ಅವಳು ಹಳೆಯ ಅರ್ಜಿಯೊಂದನ್ನು ನನ್ನ ಕಡೆ ತಿರುಗಿಸಿದಳು. "ಆಂಟಿ, ಫೋಟೋ ನಿಮ್ದೇ ಅಲ್ವಾ?"

ನನ್ನದೇ. ಈಗ ನಾನು ಉಟ್ಟು ಬಂದಿದ್ದ ಹಸಿರು ಸೀರೆಯೇ ಫೋಟೋದಲ್ಲೂ ಇತ್ತು. ಕೆಳಗೆ ನನ್ನ ಹೆಬ್ಬೆಟ್ಟು. ಅಯ್ಯೋ ಶಿವನೇ, ಆಗ ನೆನಪಾಯಿತು. ಹೋದ ವರ್ಷ ಮಗಳ ಹೆರಿಗೆಗೆಂದು ಇಲ್ಲಿನ ಆಸ್ಪತ್ರೆಗೆ ಬಂದಿದ್ದಾಗ, ರಸ್ತೆಯಲ್ಲಿ ಕೊಡೆ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದ ಬ್ಯಾಂಕಿನವರು, ಖಾತೆ ತೆಗೆದರೆ ಸ್ಟೀಲ್ ಡಬ್ಬಿ ಉಚಿತ ಎಂದಿದ್ದರು. ಡಬ್ಬಿ ಗಟ್ಟಿಯಾಗಿತ್ತು. ಆಧಾರ್ ಕೊಟ್ಟು, ಫೋಟೋ ತೆಗೆಸಿಕೊಂಡು, ಹೆಬ್ಬೆಟ್ಟು ಒತ್ತಿ ತಂದಿದ್ದೆ.

"ಕೊನೇಲಿ ಯಾವ ಅಕೌಂಟಿಗೆ ಆಧಾರ್ ಲಿಂಕ್ ಮಾಡಿರ್ತೀರೋ, ದುಡ್ಡು ಅಲ್ಲಿಗೇ ಬರತ್ತೆ ಆಂಟಿ. ಪೂರ್ತಿ ಆರು ಸಾವಿರನೂ ಇದೆ, ಯಾರೂ ಮುಟ್ಟಿಲ್ಲ."

ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ದುಡ್ಡು ಸಿಕ್ಕಿತಲ್ಲ ಅಂತ ಖುಷಿಯಾಯಿತು, ನಿಜ. ಕೆಂಪರಾಜು ಕಳ್ಳನಲ್ಲ ಅನ್ನುವುದೇ ಅದಕ್ಕಿಂತ ದೊಡ್ಡ ಸಮಾಧಾನ. ನನ್ನ ಗಂಡ ಹೋದ ಮೇಲೆ ನಮ್ಮ ಹೊಲಕ್ಕೆ ಮೊದಲು ನೇಗಿಲು ತಂದವನು ಅವನು. ಅವನನ್ನು ಏನಂದುಬಿಟ್ಟೆ! ಹುಡುಗಿ ನೀರು ತಂದುಕೊಟ್ಟಳು. ದುಡ್ಡನ್ನು ಊರಿನ ಖಾತೆಗೆ ಕಳಿಸಿ, ಮುಂದಿನ ಕಂತು ಅಲ್ಲಿಗೇ ಬರಲು ಏನು ಮಾಡಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಳು.

ವಾಪಸು ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ. ಅವನ ಮನೆಗೆ ಹೋಗಿ ಮೆಲ್ಲಗೆ ಹೇಳಿದರೆ ಸಾಕೆ? ಸಾಲದು. ಕಳ್ಳ ಅಂದದ್ದು ಡೈರಿ ಮುಂದೆ.

ಮರುದಿನ ಬೆಳಗ್ಗೆ ಆ ಸ್ಟೀಲ್ ಡಬ್ಬಿಯನ್ನೇ ಹಿಡಿದುಕೊಂಡು ಡೈರಿಗೆ ಹೋದೆ. ಎಲ್ಲರೂ ಬರಲಿ ಎಂದು ಕಾದು, ಡಬ್ಬಿ ಎತ್ತಿ ತೋರಿಸಿ, ಅಂದಿನಷ್ಟೇ ಜೋರಾಗಿ ಹೇಳಿದೆ: "ಕೇಳ್ರಪ್ಪೋ! ಕೆಂಪರಾಜು ದುಡ್ಡು ತಿಂದಿಲ್ಲ. ಈ ಡಬ್ಬಿ ಆಸೆಗೆ ನಾನೇ ಹೆಬ್ಬೆಟ್ಟು ಒತ್ತಿ ಬಂದಿದ್ದೆ. ತಪ್ಪು ನಂದು."

ಯಾರೋ ಕಿಸಕ್ಕೆಂದರು. ಕೆಂಪರಾಜು ನನ್ನ ಕಡೆ ನೋಡಲಿಲ್ಲ. ಬಗ್ಗಿ ತನ್ನ ಕ್ಯಾನೆತ್ತಿಕೊಂಡು ಸಾಲಿನ ಆ ತುದಿಯಿಂದ ನಡೆದುಬಂದು, ನನ್ನ ಕ್ಯಾನಿನ ಪಕ್ಕದಲ್ಲಿಟ್ಟ.

"ಸರ್ಕೊಳಿ ಅತ್ತಿಗೆ" ಎಂದ.