ಗೋಡೆಗೆ ಮುಖ ಮಾಡಿ ನಿಂತ ಲೇಡಿ ವಿನ್‌ಸ್ಲೇಡ್

ನನ್ನ ಒಡತಿ ಲೇಡಿ ವಿನ್‌ಸ್ಲೇಡ್ ತಮ್ಮ ತವರಿನ ಬಗ್ಗೆ ಹೇಳುತ್ತಿದ್ದ ಒಂದು ಮಾತನ್ನೂ ನಾನು ನಂಬಿದವಳಲ್ಲ. ಹಾಗಂತ ಅವರು ಕೆಟ್ಟವರು ಅಂತಲ್ಲ. ದೊಡ್ಡ ಮನೆಯ ಹೆಂಗಸರಿಗೆ ತಲೆ ಬಾಚಿ, ಉಡುಪು ತೊಡಿಸಿಯೇ ಬದುಕಿದವಳು ನಾನು. ಅವರು ಹೇಗೆ ಕೂರುತ್ತಾರೆ, ಹೇಗೆ ಸಿಡುಕುತ್ತಾರೆ ಎಲ್ಲ ಗೊತ್ತು. ಇವರಿಗೆ ಸಿಡುಕುವುದೇ ಬರುತ್ತಿರಲಿಲ್ಲ. ಕೆಲಸದ ಹುಡುಗಿ ಪಿಂಗಾಣಿ ಬಟ್ಟಲು ಒಡೆದರೆ ಬೈಯುವುದು ಬಿಟ್ಟು ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದರು.

ಇನ್ನು ಅವರ ಮಂಡಿ. ಸ್ನಾನಕ್ಕೆ ನೀರು ತುಂಬಿಸಿಕೊಡುವವಳಿಗೆ ಕಾಣದೆ ಇರುತ್ತದೆಯೇ? ಎರಡೂ ಮಂಡಿಯ ಚರ್ಮ ದಪ್ಪಗೆ, ಒರಟೊರಟಾಗಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

"ಚಿಕ್ಕಂದಿನಲ್ಲಿ ಚರ್ಚಿನಲ್ಲಿ ತುಂಬಾ ಹೊತ್ತು ಮಂಡಿಯೂರ್ತಿದ್ದೆ, ಪಾರ್ಫಿಟ್" ಎಂದರು.

ಆ ವಯಸ್ಸಿಗೇ ಅಷ್ಟೊಂದು ಪ್ರಾರ್ಥನೆ ಬೇಡುವಂಥ ಪಾಪ ಏನು ಮಾಡಿದ್ದರೋ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಲಂಡನ್ನಿನ ನಮ್ಮ ಮನೆಯ ಊಟದ ಕೋಣೆಯಲ್ಲಿ ಅವರ ಹಿರಿಯರ ಚಿತ್ರಗಳು ಮೂರಿದ್ದವು. ನೌಕಾಪಡೆಯ ತಾತ, ಬಿಷಪ್ ಆಗಿದ್ದ ದೊಡ್ಡಪ್ಪ, ನಾಯಿಮರಿ ಹಿಡಿದ ಸೋದರತ್ತೆ. ಮೂವರದೂ ಮೂರು ಥರದ ಮೂಗು. ಒಂದಾದರೂ ಒಡತಿಯ ಮೂಗಿಗೆ ಹೊಂದಬೇಕಲ್ಲ. ಈ ಮಾತನ್ನು ಒಮ್ಮೆ ನಮ್ಮ ಬಟ್ಲರ್ ಡಾಕಿನ್ಸ್ ಕಿವಿಗೆ ಹಾಕಿದೆ.

"ನಿಂಗೆ ದೇವರ ಮೇಲೂ ಅನುಮಾನ ಕಣಮ್ಮ" ಎಂದ ಅವನು.

"ದೇವರ ಮನೆತನ ಎಲ್ಲರಿಗೂ ಗೊತ್ತಿದೆ, ಮಿಸ್ಟರ್ ಡಾಕಿನ್ಸ್. ಇವರದ್ದು ಗೊತ್ತಿಲ್ಲ."

ಗೊತ್ತಿದ್ದದ್ದು ಇಷ್ಟೇ. ಸರ್ ಆಬ್ರಿ ವಿನ್‌ಸ್ಲೇಡ್ ಸಿಲೋನಿನಲ್ಲಿ ಚಹಾ ತೋಟ ಮಾಡಿ ದುಡ್ಡು ಕಂಡವರು. ಅಲ್ಲಿಯೇ ಇವರನ್ನು ಮದುವೆಯಾದರು. ಸರ್ ಎಂಬ ಬಿರುದು ಬಂದ ಮೇಲೆ ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ಮರಳಿದರು, ಎರಡೇ ಚಳಿಗಾಲಕ್ಕೆ ತೀರಿಕೊಂಡರು. ಅಷ್ಟು ದೂರದಲ್ಲಿ ಮದುವೆಯಾದವಳ ತವರನ್ನು ಇಲ್ಲಿ ಯಾರೂ ಕೆದಕಲಿಲ್ಲ. ಒಡತಿಯ ಔತಣಗಳಿಗೆ ಮಂತ್ರಿಗಳು ಬಂದರು, ಡ್ಯೂಕ್‌ಗಳು ಬಂದರು, ತಿಂದರು, ಹೋದರು.

ಕೆದಕುವ ಕಾಲ ಬಂದದ್ದು ಮಗಳು ಕ್ಲೆಮೆನ್ಸಿಗೆ ಗಂಡು ಗೊತ್ತಾದಾಗ. ಹುಡುಗ ಹ್ಯೂಗೊ, ಲಾರ್ಡ್ ಮಾರ್ಚ್‌ಬ್ಯಾಂಕ್. ಬಿರುದು ಅವನದಾದರೂ ಮಾತು ನಡೆಯುತ್ತಿದ್ದುದು ಅವನ ವಿಧವೆ ತಾಯಿಯದು. ಆಕೆ ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಕ್ಲೆಮೆನ್ಸಿ ಊಟ ಬಿಟ್ಟಿದ್ದಳು. ವಿಲ್ಟ್‌ಶೈರಿನ ತಮ್ಮ ಬಂಗಲೆಗೆ ಶನಿವಾರ ಬಂದು ಸೋಮವಾರದವರೆಗೆ ಇರಿ ಎಂದು ಹ್ಯೂಗೊನ ತಾಯಿ ಲೇಡಿ ಮಾರ್ಚ್‌ಬ್ಯಾಂಕ್ ನನ್ನ ಒಡತಿಯನ್ನೂ ಮಗಳನ್ನೂ ಕರೆಸಿಕೊಂಡಾಗ, ಇದು ಸತ್ಕಾರವಲ್ಲ, ತನಿಖೆ ಎಂದು ನನಗೆ ಆಗಲೇ ವಾಸನೆ ಬಡಿಯಿತು.

ಶನಿವಾರ ಅಲ್ಲಿಗೆ ತಲುಪಿದ ಸಂಜೆ ಒಡತಿಗೆ ಶಾಲು ಕೊಡಲು ಬೈಠಕ್ಕಿಗೆ ಹೋದಾಗ ತನಿಖೆ ಶುರುವಾಗಿತ್ತು.

"ನಿಮ್ಮ ತವರು ಮೆರಿವೇಲ್ ಮನೆತನ ಅಂದ್ರಲ್ಲ. ಡೆವನ್ನಿನವರೋ, ಡಾರ್ಸೆಟ್ಟಿನವರೋ?" ಎಂದರು ಲೇಡಿ ಮಾರ್ಚ್‌ಬ್ಯಾಂಕ್.

"ನಾರ್ತಂಬರ್ಲೆಂಡಿನವರು."

"ಅಲ್ಲಿ ಮೆರಿವೇಲ್‌ಗಳು ಯಾರೂ ಇಲ್ಲವಲ್ಲ."

"ಈಗ ಯಾರೂ ಇಲ್ಲ" ಎಂದರು ಒಡತಿ, ಮುಖದ ಒಂದು ಗೆರೆಯೂ ಅಲುಗದಂತೆ.

ಆ ಮನೆ ಹಳೆಯ ಪದ್ಧತಿಯದು. ಬೆಳಗ್ಗೆ ಗುಡಿಸುವ, ಬೆಂಕಿಗೂಡಿನ ಬೂದಿ ತೆಗೆಯುವ ಹೆಂಗಸರು ಮನೆಯವರ ಇಲ್ಲವೇ ಅತಿಥಿಗಳ ಕಣ್ಣಿಗೆ ಬೀಳಬಾರದು. ಕೋಣೆಗಳ ನಡುವಿನ ಓಣಿಯಲ್ಲಿ ಯಾರಾದರೂ ಎದುರಾದರೆ ಗೋಡೆಗೆ ಮುಖ ಮಾಡಿ, ತಲೆ ತಗ್ಗಿಸಿ, ಅವರು ದಾಟುವವರೆಗೆ ಉಸಿರು ಬಿಗಿಹಿಡಿದು ನಿಲ್ಲಬೇಕು. ನಮ್ಮ ಲಂಡನ್ ಮನೆಯಲ್ಲಿ ಇದಿರಲಿಲ್ಲ.

ಭಾನುವಾರ ಬೆಳಗ್ಗೆ ಒಡತಿಯ ಚಹಾ ತಟ್ಟೆ ಹಿಡಿದು ಹಿಂದಿನ ಮೆಟ್ಟಿಲು ಹತ್ತಿ ಬಂದೆ. ಬಾಗಿಲು ತಳ್ಳಿದರೆ ಓಣಿಯಲ್ಲಿ ಒಡತಿ. ನೀಲಿ ರೇಷ್ಮೆಯ ನಿಲುವಂಗಿ, ತಲೆಗೆ ರಾತ್ರಿಯ ಬಿಳಿ ಕುಲಾವಿ. ನಿದ್ದೆ ಬಾರದೆ ಹೊರಬಂದಿದ್ದರೋ ಏನೋ. ಆ ತುದಿಯಿಂದ ಲೇಡಿ ಮಾರ್ಚ್‌ಬ್ಯಾಂಕ್ ಅವರ ಕೋಲಿನ ಸದ್ದು ಕೇಳಿತು. ಮರುಗಳಿಗೆಯೇ ನನ್ನ ಒಡತಿ ಸರಕ್ಕನೆ ತಿರುಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ತಲೆ ತಗ್ಗಿತ್ತು, ಕೈಗಳು ಮುಂದೆ ಕಟ್ಟಿದ್ದವು. ಯೋಚಿಸಿ ಮಾಡಿದ್ದಲ್ಲ, ಮೈಯೇ ತಿರುಗಿತ್ತು. ಆಕೆ ಪಕ್ಕದಲ್ಲೇ ಹಾದುಹೋದರು, ಮುಖ ನೋಡಲಿಲ್ಲ. ಗೋಡೆಗೆ ತಿರುಗಿ ನಿಂತವಳ ಮುಖವನ್ನು ಆ ಮನೆಯಲ್ಲಿ ಯಾರು ತಾನೇ ನೋಡುತ್ತಾರೆ?

ಇಷ್ಟು ವರ್ಷದ ನನ್ನ ಅನುಮಾನಕ್ಕೆ ಉತ್ತರ ಸಿಕ್ಕಿತ್ತು. ಆದರೆ ಖುಷಿಯಾಗಲಿಲ್ಲ. ಒಡತಿ ಇತ್ತ ತಿರುಗುವ ಮೊದಲೇ ತಟ್ಟೆ ಸಮೇತ ಹಿಂದೆ ಸರಿದು ಬಾಗಿಲು ಎಳೆದುಕೊಂಡೆ.

ಚರ್ಚಿಗೆ ಹೊರಡಲು ಎಲ್ಲರೂ ಹಜಾರದಲ್ಲಿ ಸೇರಿದಾಗ ಲೇಡಿ ಮಾರ್ಚ್‌ಬ್ಯಾಂಕ್ ತಮ್ಮ ಮನೆಯ ಮೇಲ್ವಿಚಾರಕಿಗೆ ಹೇಳಿ ಎಡ್ನಾಳನ್ನು ಕರೆಸಿದರು. ನಮ್ಮ ಓಣಿಯ ಕೆಲಸ ಎಡ್ನಾಳದು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಲೇಡಿ ವಿನ್‌ಸ್ಲೇಡ್, ನಿಮ್ಮ ಹತ್ರ ನೀಲಿ ರೇಷ್ಮೆಯ ನಿಲುವಂಗಿ ಇದೆಯಾ?"

"ಇದೆ."

"ಈ ಕಳ್ಳಿ ಅದನ್ನ ಹಾಕ್ಕೊಂಡು ಬೆಳಗ್ಗೆ ಓಣಿಯಲ್ಲಿ ಮೆರೀತಿದ್ಲು. ನಾನೇ ಕಣ್ಣಾರೆ ನೋಡಿದೆ. ಇವತ್ತೇ ಹೊರಗೆ ಹಾಕ್ತೀನಿ, ಬೇರೆ ಮನೆಯವರಿಗೆ ತೋರಿಸೋಕೆ ನಡತೆ ಪತ್ರ ಬರೆದುಕೊಡೋ ಪ್ರಶ್ನೆಯೇ ಇಲ್ಲ."

"ನಾನಲ್ಲ ಅಮ್ಮಾವ್ರೇ, ನಾನು ಮುಟ್ಟೇ ಇಲ್ಲ" ಎಂದಳು ಎಡ್ನಾ.

"ಮತ್ತೆ ಗೋಡೆ ಕಡೆ ತಿರುಗಿ ನಿಂತಿದ್ದು ಯಾರು, ನಿನ್ನ ದೆವ್ವವಾ?"

ಕ್ಲೆಮೆನ್ಸಿ ಹ್ಯೂಗೊನ ತೋಳು ಹಿಡಿದು ನಗುತ್ತ ನಿಂತಿದ್ದಳು. ನಾನು ಒಡತಿಯನ್ನೇ ನೋಡುತ್ತಿದ್ದೆ. ಸುಮ್ಮನಿರುತ್ತಾರೆ ಎಂದೇ ನನಗನ್ನಿಸಿತು. ಇಷ್ಟು ಕಾಲ ಮುಚ್ಚಿಟ್ಟವರು ಇನ್ನೊಂದು ನಿಮಿಷ ಮುಚ್ಚಿಡಲಾರರೇ? ಮಗಳ ಬಾಳು ತಕ್ಕಡಿಯಲ್ಲಿರುವಾಗ ಯಾವ ತಾಯಿ ಬಾಯಿ ಬಿಡುತ್ತಾಳೆ?

"ಅದು ನಾನು" ಎಂದರು ಒಡತಿ.

"ಏನು ನೀವು?"

"ಗೋಡೆಗೆ ತಿರುಗಿ ನಿಂತಿದ್ದು. ಅಭ್ಯಾಸ ಬಲ. ಲಿಂಕನ್‌ಶೈರಿನ ಒಂದು ಮನೆಯಲ್ಲಿ ನಾನೂ ನೆಲ ಉಜ್ಜುತ್ತಿದ್ದೆ. ಇವಳನ್ನ ಬಿಡಿ."

ಹ್ಯೂಗೊ ಕೆಮ್ಮಿದ. ಲೇಡಿ ಮಾರ್ಚ್‌ಬ್ಯಾಂಕ್ ನನ್ನ ಒಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವರಿಗಲ್ಲ, ನನಗೆ ಹೇಳಿದರು: "ಪಾರ್ಫಿಟ್, ನಿಮ್ಮ ಪೆಟ್ಟಿಗೆಗಳನ್ನ ಕಟ್ಟು."

ಕಾರಿನಲ್ಲಿ ನಾನು ಚಾಲಕನ ಪಕ್ಕ ಕೂತಿದ್ದೆ. ಹಿಂದಿನ ಮಾತೆಲ್ಲ ಕೇಳುತ್ತಿತ್ತು.

"ಅವಳಿಗೆ ಬೇರೆ ಕೆಲಸ ಸಿಗ್ತಿತ್ತು ಅಮ್ಮ. ನನಗೆ ಇನ್ನೊಬ್ಬ ಹ್ಯೂಗೊ ಸಿಗ್ತಾನಾ?"

"ಅವಳಿಗೆ ಕೆಲಸ ಸಿಗ್ತಿರಲಿಲ್ಲ ಮಗು. ನನಗೆ ಸಿಗಲಿಲ್ಲ. ಯಾರದೋ ಬ್ರೋಚ್ ಕಳೆದುಹೋಯ್ತು ಅಂತ ನಡತೆ ಪತ್ರ ಬರೆದುಕೊಡದೆ ಓಡಿಸಿದ್ರು. ಆಮೇಲೆ ಅದು ಸೋಫಾ ಸಂದಿಯಲ್ಲಿ ಸಿಕ್ತಂತೆ. ಒಂದು ಮನೆಯವರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಸಿಲೋನಿಗೆ ಹೋಗೋಕೆ ಬೇರೆ ಯಾವ ಆಯಾನೂ ಒಪ್ಪಲಿಲ್ಲ ಅಂತ ಒಬ್ಬ ಸೇನಾಧಿಕಾರಿ ಹೆಂಡತಿ ನನ್ನ ಕರ್ಕೊಂಡು ಹೋದ್ಲು. ಅಲ್ಲಿ ನಿಮ್ಮಪ್ಪ ಸಿಕ್ಕಿದ್ರು."

"ಅಪ್ಪನಿಗೆ ಗೊತ್ತಿತ್ತಾ?"

"ಎಲ್ಲಾ ಗೊತ್ತಿತ್ತು. ಆ ಚಿತ್ರಗಳನ್ನ ಹರಾಜಿನಲ್ಲಿ ಕೊಂಡು ತಂದಿದ್ದೇ ಅವರು. ಬಿಷಪ್ಪನ್ನ ನೋಡಿದಾಗಲೆಲ್ಲ ನಗೋರು."

"ಹಾಗಾದ್ರೆ ನನ್ನ ಅಜ್ಜಿ ಯಾರು?"

"ಹ್ಯಾನಾ ಸ್ಟಬ್ಸ್. ಊರವರ ಬಟ್ಟೆ ಒಗೀತಿದ್ಲು. ನಿನ್ನ ಕಣ್ಣು ಅವಳದೇ."

ನಾನು ತಡೆಯಲಾರದೆ ತಿರುಗಿ ನೋಡಿದೆ. ಕ್ಲೆಮೆನ್ಸಿ ಕಣ್ಣು ಮುಚ್ಚಿಕೊಂಡಿದ್ದಳು. ಲಂಡನ್ ಬರುವವರೆಗೆ ತೆರೆಯಲಿಲ್ಲ.

ಮದುವೆ ನಿಲ್ಲಲಿಲ್ಲ. ಮಾರ್ಚ್‌ಬ್ಯಾಂಕ್ ಬಂಗಲೆಯ ಮಾಡು ಸೋರುತ್ತಿತ್ತು, ಚಹಾ ತೋಟದ ಹಣವೆಲ್ಲ ಕ್ಲೆಮೆನ್ಸಿಗೇ ಬರುವುದಿತ್ತು. ಒಂದೇ ಷರತ್ತು: ತಾಯಿ ಮುಖ ತೋರಿಸಬಾರದು. ಒಡತಿ ಮರುಮಾತಾಡದೆ ಒಪ್ಪಿದರು, ಮಗಳೂ ಒಪ್ಪಿದಳು. ವಧುವಿನ ತಾಯಿಗೆ ಎದೆಯಲ್ಲಿ ಕಫ ಕಟ್ಟಿದೆ ಎಂದು ಎಲ್ಲ ಕಡೆ ಹೇಳಿಸಿದರು. ಎಡ್ನಾಳ ಕೆಲಸ ಮಾತ್ರ ಉಳಿಯಿತು.

ಮದುವೆಯ ದಿನ ಮುಸುಕಿಗೆ ಪಿನ್ನು ಚುಚ್ಚಲು ನನ್ನನ್ನು ಚರ್ಚಿಗೆ ಕಳುಹಿಸಿದರು. ಸಂಜೆ ಮರಳಿದಾಗ ಒಡತಿ ಮದುವೆಗೆಂದೇ ಹೊಲಿಸಿದ್ದ ಬೂದುಬಣ್ಣದ ಉಡುಪು ತೊಟ್ಟು, ಟೊಪ್ಪಿಗೆ ಇಟ್ಟುಕೊಂಡು ಬೈಠಕ್ಕಿನಲ್ಲಿ ಒಬ್ಬರೇ ಕೂತಿದ್ದರು. ಬೆನ್ನಿನ ಗುಂಡಿಗಳನ್ನು ತಾವೇ ಹಾಕಿಕೊಂಡಿದ್ದರು, ಒಂದು ತಪ್ಪಿತ್ತು.

"ಚೆನ್ನಾಗಿ ಕಾಣ್ತಿದ್ಲಾ?"

"ತುಂಬಾ ಚೆನ್ನಾಗಿ ಕಾಣ್ತಿದ್ರು, ಅಮ್ಮಾವ್ರೇ."

"ಯಾರಾದ್ರೂ ನನ್ನ ಕೇಳಿದ್ರಾ?"

"ಎಲ್ಲರೂ ಕೇಳಿದ್ರು. ಮೊದಲು ಕೇಳಿದ್ದು ಮಿಸ್ ಕ್ಲೆಮೆನ್ಸಿನೇ."

ಯಾರೂ ಕೇಳಿರಲಿಲ್ಲ. ಒಡತಿ ನನ್ನ ಮುಖವನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ, "ಹಾಗಾದ್ರೆ ಅವಳು ಏನು ಕೇಳಿದ್ಲು, ಅವಳ ಮಾತಲ್ಲೇ ಹೇಳು" ಎಂದರು. ನಾನು ಹೇಳುತ್ತಾ ಹೋದೆ.