ತಮಗೆ ಇಲ್ಲಿ ಪ್ರವೇಶವಿಲ್ಲ

ತೊಟ್ಟಿಲು ಶಾಸ್ತ್ರಕ್ಕೆ ನನ್ನನ್ನೂ ಕರೆದಿದ್ದರು. ಶಿರೂರಿನಲ್ಲಿ ಹೆದ್ದಾರಿಯಿಂದ ಕಡಲಿನ ಬದಿಗೆ ಇಳಿದರೆ ಸಿಗುವ ಮನೆ. ಫೋನು ಮಾಡಿ ಕರೆದವಳು ಮಗುವಿನ ಅಜ್ಜಿ. ನಾನು ಹೊರಟಿದ್ದು ಮಾತ್ರ ಆ ಅಜ್ಜಿಯ ತಾಯಿಯನ್ನು ನೋಡಲಿಕ್ಕೆ. ನನಗೆ ಮಾತು ಕಲಿಸಿದವರಲ್ಲಿ ಆ ಮುದುಕಿಯೂ ಒಬ್ಬಳು. ಗಂಟಲಿಗೆ ಆಪರೇಷನ್ ಆಗಿ ಆಕೆಯ ದನಿ ಹೋಗಿದೆ ಎಂದು ಗೊತ್ತಿತ್ತು. ಆ ದನಿ ನನ್ನ ಹತ್ತಿರ ಭದ್ರವಾಗಿದೆ ಎಂಬ ಸಣ್ಣ ಜಂಬವೂ ನನ್ನ ಜೊತೆಗೇ ಬಸ್ಸು ಹತ್ತಿತ್ತು. ವಾಪಸು ಬರುವಾಗ ಅದು ಬರಲಿಲ್ಲ.

ಆಕೆ ಮೊದಲು ಇದ್ದದ್ದು ಕುಂದಾಪುರದ ಹತ್ತಿರದ ಕೋಡಿಯಲ್ಲಿ. ಮೀನಿನ ಬುಟ್ಟಿ ಹೊತ್ತು ತಲ್ಲೂರಿನ ನಮ್ಮ ಮನೆಗೆ ಬಂದು, ದಣಪೆಯ ಆಚೆ ನಿಂತು ಕೂಗುತ್ತಿದ್ದಳು. ದಣಪೆ ಎಂದರೆ ಬೇಲಿಯ ನಡುವಿನ ದಾರಿಗೆ, ದನ ಒಳಗೆ ಬಾರದ ಹಾಗೆ, ಬಿದಿರಿನ ಗಳ ಅಡ್ಡ ಹಾಕಿದ್ದು. ಗಳ ಸರಿಸಿಟ್ಟಿದ್ದರೂ ಆಕೆ ದಾಟುತ್ತಿರಲಿಲ್ಲ.

"ಹ್ವಾಯ್, ಬಂಗ್ಡೆ ಇತ್ತ್. ಕಣ್ಣ್ ಹ್ಯಾಂಗಿತ್ತ್ ಕಾಣಿ" ಎಂದು ಅಲ್ಲಿಂದಲೇ ಕೂಗು.

ನನ್ನ ಅಜ್ಜಿ ಜಗಲಿಯಿಂದ, "ಅದ್ರ ಕಣ್ಣ್ ಕಾಂಬುಕೆ ನನ್ನ್ ಕಣ್ಣೇ ಸಮ ಇಲ್ಲೆ. ನೀ ಎಷ್ಟ್ ಸುಳ್ಳ್ ಹೇಳ್ರೂ ನಡಿತ್ತ್."

"ಸುಳ್ಳ್ ಹೇಳ್ರೆ ನಾಳೆ ಇದೇ ದಾರಿಯಂಗೆ ಬಪ್ಪುದ್ ನಾನೇ ಅಲ್ದಾ ಅಮ್ಮ."

ಈ ಇಬ್ಬರ ಚೌಕಾಸಿ ಕೇಳುತ್ತ ಕೇಳುತ್ತ ನಾನು ಮಾತು ಕಲಿತೆ. ಇಬ್ಬರ ನಡುವೆ ಒಂದು ಇಡೀ ಅಂಗಳ ಯಾಕಿತ್ತು ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಬಾವಿ ಹಿತ್ತಲಲ್ಲಿ ಇರುವ ಹಾಗೆ, ಆಕೆ ದಣಪೆಯ ಆಚೆ ಇರುವುದು ಅಂದುಕೊಂಡಿದ್ದೆ.

ಈಗ ನನ್ನ ಅಂಗಡಿ ಕೋಟೇಶ್ವರದಲ್ಲಿ. ವೆಬ್‌ಸೈಟ್ ಮಾಡಿಕೊಡುವ ಕೆಲಸ. ಗಿರಾಕಿಗಳು ಹೆಚ್ಚಿನವರು ಹೋಟೆಲಿನವರು. ಹೋಟೆಲು ಎಲ್ಲೆಲ್ಲೋ, ಮಾಲೀಕರು ನಮ್ಮ ಬದಿಯವರು. ಎಲ್ಲರ ಪುಟಗಳನ್ನೂ ಬಾಡಿಗೆಗೆ ಹಿಡಿದ ಒಂದೇ ಸರ್ವರಿನಲ್ಲಿ ಇಟ್ಟಿದ್ದೇನೆ. ಅದರದೇ ಒಂದು ಮೂಲೆಯಲ್ಲಿ ನನ್ನ ಸ್ವಂತ ಹುಚ್ಚು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಸುತ್ತಿ, ವಯಸ್ಸಾದವರನ್ನು ಕೂರಿಸಿ ಮಾತಾಡಿಸಿ, ಆ ಮಾತನ್ನು ರೆಕಾರ್ಡ್ ಮಾಡಿ, ಯಾರು ಬೇಕಾದರೂ ಫೋನಿನಲ್ಲಿ ಕೇಳುವ ಹಾಗೆ ಹಾಕಿದ್ದೆ. ಅದರಲ್ಲೆಲ್ಲ ಚಂದದ್ದು ಈ ಮುದುಕಿಯದು. ಮಕ್ಕಳನ್ನು ಮಲಗಿಸಲು ಆಕೆ ತಾನೇ ಕಟ್ಟಿಕೊಂಡ ಜೋಗುಳವೊಂದಿತ್ತು. ಬೈಗೆ, ಬಂಗ್ಡೆ, ಕಾಣೆ, ಚಟ್ಲಿ ಎಂದು ಒಂದೊಂದೇ ಮೀನನ್ನು ಹೆಸರು ಹಿಡಿದು ಕರೆದು ಮಲಗಿಸುವುದು. ಎಲ್ಲ ಮಲಗಿದ ಮೇಲೆ ಕಡಲಿಗೂ ಸುಮ್ಮನಿರು ಎನ್ನುವುದು.

ಸರ್ವರಿನ ವ್ಯವಹಾರ ಹೀಗೆ: ಪ್ರತಿ ಕಡತಕ್ಕೂ ಒಬ್ಬ ಯಜಮಾನ ಇರುತ್ತಾನೆ. ಆಮೇಲೆ ಯಜಮಾನನ ಗುಂಪಿನವರು. ಉಳಿದ ಇಡೀ ಪ್ರಪಂಚಕ್ಕೆ 'ಇತರರು' ಎಂದು ಹೆಸರು. ಓದಬಹುದೇ, ತಿದ್ದಬಹುದೇ, ಒಳಗೆ ಕಾಲಿಡಬಹುದೇ ಎಂದು ಈ ಮೂವರಿಗೂ ಬೇರೆ ಬೇರೆಯಾಗಿ ಹೇಳಿಡಬೇಕು. ನಾನು ಬಹಳ ಕಾಲ ಹೇಳಿಟ್ಟದ್ದು ಒಂದೇ: ಎಲ್ಲರಿಗೂ ಎಲ್ಲವೂ. ಫೋಟೋ ಏರಿಸಲು ಹೋದ ಹೋಟೆಲಿನವರು "ಆತಿಲ್ಲೆ ಮರಾಯ್ರೆ" ಎಂದು ಫೋನು ಮಾಡಿದರೆ, ಎಲ್ಲಿ ಅಡ್ಡಿಯಾಗಿದೆ ಎಂದು ಹುಡುಕುವ ಬದಲು ಮೂವರಿಗೂ ಎಲ್ಲ ಅನುಮತಿ ಕೊಡುವ 777 ಒತ್ತಿ ಪೂರ್ತಿ ತೆರೆದುಬಿಡುತ್ತಿದ್ದೆ. ಕೇಳಿದವರಿಗೆ ಇಲ್ಲ ಎನ್ನುವ ಜಾತಿ ನಮ್ಮದಲ್ಲ ಎಂದು ಒಳಗೊಳಗೇ ಹಿಗ್ಗು ಬೇರೆ. ಸೋಮಾರಿತನಕ್ಕೆ ಎಂಥ ಒಳ್ಳೆಯ ಅಂಗಿ ಹೊಲಿಸಿದ್ದೆ ನೋಡಿ.

ಈಚೆಗೆ, ಮಳೆಗಾಲ ಮುಗಿಯುವ ಹೊತ್ತಿಗೆ, ತೆರೆದ ಬಾಗಿಲಲ್ಲಿ ಯಾರೋ ನುಗ್ಗಿದರು. ಒಂದು ಹೋಟೆಲಿನ ಪುಟದಲ್ಲಿ ತಿಂಡಿಗಳ ಚಿತ್ರ ಇದ್ದ ಜಾಗದಲ್ಲಿ ಜೂಜಿನ ಜಾಹೀರಾತು ಕುಣಿಯತೊಡಗಿತು. ಮಾಲೀಕರ ಫೋನು ಬಂತು.

"ಹ್ವಾಯ್, ನಾನ್ ಇಡ್ಲಿ ಮಾರುದಾ, ಇಸ್ಪೀಟ್ ಆಡ್ಸುದಾ? ಹೆಂಡ್ತಿ ಮನಿಯರ್ ಕೇಂತಿದ್ರ್."

ಅವರ ನಗೆ ಕೇಳಿ ನನಗೆ ಬೆವರು ಬಂತು. ಆ ಗಾಬರಿಯಲ್ಲಿ, ಕಸ ಗುಡಿಸಿ ತೆಗೆದ ಮೇಲೆ, ಇಡೀ ಸರ್ವರಿಗೆ ಒಂದೇ ಅಪ್ಪಣೆ ಕೊಟ್ಟೆ: ಎಲ್ಲದಕ್ಕೂ ಯಜಮಾನ ನಾನು, ನನ್ನ ಹೊರತು ಯಾರಿಗೂ ಏನೂ ಇಲ್ಲ. ಆಮೇಲೆ ಹೋಟೆಲಿನವರು ಬಯ್ದ ಹಾಗೆಲ್ಲ ಅವರವರ ಪುಟಗಳನ್ನು ಬೇಕಾದಷ್ಟೇ ತೆರೆದುಕೊಟ್ಟೆ. ಬಯ್ಯದವರದ್ದು ಮುಚ್ಚಿಯೇ ಉಳಿಯಿತು.

ಹಿರಿಯರ ಮಾತಿನ ಪುಟಕ್ಕಾಗಿ ಯಾರೂ ಬಯ್ಯಲಿಲ್ಲ. ನಾನೊಮ್ಮೆ ನೋಡದೆ ಇರಲಿಲ್ಲ. ಯಜಮಾನನ ಪಾಸ್‌ವರ್ಡು ಹಾಕಿ, ಸರ್ವರಿನ ಒಳಗಿನಿಂದಲೇ ಆ ಜೋಗುಳ ತೆರೆದೆ, ಹಾಡಿತು. ಸರಿ ಇದೆ ಅಂದುಕೊಂಡೆ. ಯಜಮಾನನಿಗೆ ಅವನ ಯಾವ ಬಾಗಿಲೂ ಮುಚ್ಚಿದ ಹಾಗೆ ಕಾಣುವುದಿಲ್ಲ. ಹೊರಗಿನವರಾಗಿ ಒಮ್ಮೆ ತೆರೆದು ನೋಡಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವವನು ನಾನೇ.

ಶಿರೂರಿನ ಮನೆಯ ಚಾವಡಿ ತುಂಬ ಹೆಂಗಸರಿದ್ದರು. ತೊಟ್ಟಿಲಲ್ಲಿ ಮಗು ಕಿರುಚುತ್ತಿತ್ತು. ಮುದುಕಿ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ತೊಟ್ಟಿಲಿನ ಹಗ್ಗ ಹಿಡಿದು ಕುಳಿತಿದ್ದಳು. ನನ್ನನ್ನು ಕಂಡದ್ದೇ ತಲೆಯ ಮೇಲೆ ಬುಟ್ಟಿ ಇಟ್ಟ ಸನ್ನೆ ಮಾಡಿ, ದನಿಯಿಲ್ಲದೆ ನಕ್ಕಳು. "ಬನಿ, ಒಳ್ಗ್ ಬನಿ" ಎಂದು ಆಕೆಯ ಮಗಳು, ಮಗುವಿನ ಅಜ್ಜಿ, ನನ್ನನ್ನು ಚಾವಡಿಯ ನಡುವಿಗೇ ಕರೆದು ಕುರ್ಚಿ ಹಾಕಿ, ಶರಬತ್ತು ಕೊಟ್ಟಳು.

"ಅಣ್ಣ, ಅಬ್ಬಿ ಮೀನಿನ್ ಜೋಗುಳ ಒಂದ್ ಹಾಕ್ಕೊಡಿ. ಶಿಶು ಒಂದ್ಸಲ ಆದ್ರೂ ಅದ್ರ ಸ್ವರ ಕೇಣ್ಲಿ" ಎಂದಳು. ಅದಕ್ಕೇ ನನ್ನನ್ನು ಕರೆದದ್ದು ಎಂದು ಆಗ ತಿಳಿಯಿತು. ಜೋಗುಳ ಹಾಡಲೆಂದು ಅಬ್ಬಿಯನ್ನು, ಎಂದರೆ ತಾಯಿಯನ್ನು, ಕೂರಿಸಿ, ಹಾಡನ್ನು ನನ್ನಿಂದ ತರಿಸುವ ಯೋಚನೆ.

"ಅದ್ಕೆಂತ, ನಿನ್ನ್ ಫೋನಿನಂಗೇ ಬತ್ತ್" ಎಂದೆ ಗತ್ತಿನಿಂದ. ಆಕೆ ಸ್ವಲ್ಪ ಅನುಮಾನಿಸಿಯೇ ಫೋನು ಕೊಟ್ಟಳು. ನಾನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಪುಟ ತೆರೆದೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಬಗ್ಗಿ ಗಟ್ಟಿಯಾಗಿ ಓದಿದಳು.

"ಕ್ಷಮಿಸಿ. ತಮಗೆ ಇಲ್ಲಿ ಪ್ರವೇಶವಿಲ್ಲ."

ಆ ಸಾಲು ಬರೆದವನು ನಾನೇ. ಇಂಥ ಕಡೆ ಬರುವ ಇಂಗ್ಲಿಷ್ ಸಂದೇಶ ನಮ್ಮವರಿಗೆ ಯಾಕೆ ಎಂದು ಕನ್ನಡದಲ್ಲಿ ಬರೆದು, 'ನಿಮಗೆ' ಬೇಡ, 'ತಮಗೆ' ಇರಲಿ, ಮರ್ಯಾದೆ ಎಂದು ತಿದ್ದಿ ಹಾಕಿದ್ದೆ.

"ಅಲ್ಲ ಮರಾಯ್ರೆ, ಅದ್ರ ಸ್ವರಕ್ಕೆ ಅದ್ಕೇ ಟಿಕೇಟ್ ಇಲ್ಯಾ" ಎಂದು ಮೂಲೆಯಿಂದ ಯಾರೋ ಅಂದರು. ಚಾವಡಿ ನಕ್ಕಿತು. ನಾನೂ ನಗುವ ಪ್ರಯತ್ನ ಮಾಡಿದೆ.

ಮಗಳು ಮಾತ್ರ ನಗಲಿಲ್ಲ. "ಇದ್ ನಾವ್ ಮೊದ್ಲೇ ಕಂಡಿತ್. ಅಬ್ಬಿ ಆಸ್ಪತ್ರೆಯಂಗೆ ಇಪ್ಪತಿಗೇ ಹೀಂಗೇ ಬತ್ತಿತ್ತ್."

"ಮತ್ತೆ ನಂಗೊಂದ್ ಫೋನ್ ಮಾಡುಕಾಗ್ದಾ?"

"ಎಂತ ಅಂತ ಕೇಂಬುದ್ ಅಣ್ಣ? ಇಂಗ್ಲಿಷಂಗ್ ಇದ್ದಿರೆ ಮೆಷಿನ್ ಹಾಳಾಯ್ತ್ ಅಂದ್ಕಂತಿದ್ವಿ. ಇದ್ ಕನ್ನಡದಂಗೆ, ನೀವೇ ಎದ್ರಿಗ್ ನಿಂತ್ ಹೇಳ್ದಾಂಗಿತ್ತ್. ಮೀನ್ ಮಾರುವರ್ ಸ್ವರ ಎಂತಕೆ ಅಂತ ನಿಮ್ಮ್ ಬದಿಯರ್ ಯಾರೋ ಹೇಳಿರೇನೋ ಅಂತ ಸುಮ್ಮನಾದ್ವಿ. ಅಬ್ಬಿಗೂ ಓದಿ ಹೇಳ್ದೆ. ಹೌದು ಅಂತ ತಲೆ ಆಡ್ಸ್ತ್."

ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಹೋಟೆಲಿನವರಿಗೆ ಬಾಗಿಲು ಮುಚ್ಚಿದಾಗ ಒಬ್ಬರಾದರೂ ಬಯ್ಯದೆ ಬಿಡಲಿಲ್ಲ. ಅವರಿಗೆ ಅದು ತಮ್ಮ ಬಾಗಿಲು. ಈ ಮನೆಯವರು ಒಂದು ಸಾಲು ಓದಿ ಹಿಂದೆ ಸರಿದು ನಿಂತಿದ್ದರು, ಬುಟ್ಟಿ ಹೊತ್ತವಳು ದಣಪೆಯ ಆಚೆ ನಿಂತ ಹಾಗೆ. ಮುದುಕಿಗೆ ತನ್ನ ದನಿ ಹೋದ ಮೇಲೆ ತನ್ನ ದನಿ ಕೇಳಬೇಕೆನಿಸಿತ್ತು. ಬೇಡ ಎಂದವನು ನಾನು ಎಂದು ನಂಬಲು ಆಕೆಗೆ ಏನೂ ಕಷ್ಟವಾಗಲಿಲ್ಲ. ಶರಬತ್ತಿನ ಲೋಟವನ್ನು ಎಲ್ಲಿ ಇಡುವುದು ಎಂದೇ ನನಗೆ ಗೊತ್ತಾಗಲಿಲ್ಲ.

ಜಗಲಿಯ ತುದಿಗೆ ಹೋಗಿ ನನ್ನ ಫೋನಿನಿಂದ ಸರ್ವರಿಗೆ ಹೋದೆ. ಮೊದಲ ಸಲ ಪಾಸ್‌ವರ್ಡು ತಪ್ಪಿತು. ಕೊನೆಗೆ ತೆರೆದಾಗ ಸಾಲಾಗಿ ಹಿರಿಯರ ದನಿಗಳು, ಪ್ರತಿಯೊಂದರ ಎದುರೂ ಯಜಮಾನ ಎಂದು ನನ್ನ ಹೆಸರು. ಕಡತಗಳನ್ನು ಎಲ್ಲರೂ ಓದಬಹುದು ಎಂದು ಮಾಡಿದೆ. ಮಗಳು ಒಳಗಿನಿಂದ, "ಇಲ್ಲೆ ಅಣ್ಣ, ಅದೇ ಬತ್ತ್" ಎಂದಳು. ಅವಸರದಲ್ಲಿ ಕಡತ ತೆರೆದವನು ಅವು ಇದ್ದ ಫೋಲ್ಡರಿನ ಬಾಗಿಲನ್ನೇ ತೆರೆದಿರಲಿಲ್ಲ. ಅದನ್ನೂ ತೆರೆದೆ.

ಚಾವಡಿಯಿಂದ ಆಕೆಯ ದನಿ ಬಂತು. ಬೈಗೆ ಮಲಗಿತು, ಬಂಗ್ಡೆ ಮಲಗಿತು. ಮಗು ಹೆದರಿ ಇನ್ನೂ ಜೋರಾಗಿ ಅತ್ತಿತು. ನಾನು ಒಳಗೆ ಹೋಗದೆ ಬಾಗಿಲಲ್ಲೇ ನಿಂತೆ. ಮುದುಕಿ ಫೋನನ್ನು ಮಗುವಿನ ಹತ್ತಿರದಿಂದ ತೆಗೆದು ತನ್ನ ಕಿವಿಗೆ ಹಿಡಿದುಕೊಂಡಳು. ಒಂದೊಂದು ಮೀನಿಗೂ ತುಟಿ ಆಡುತ್ತಿತ್ತು, ಕೈ ಹಗ್ಗ ತೂಗುತ್ತಿತ್ತು. ಕಡಲಿಗೆ ಸುಮ್ಮನಿರು ಎನ್ನುವ ಹೊತ್ತಿಗೆ ಮಗು ಬಿಕ್ಕುತ್ತ ನಿದ್ದೆಗೆ ಜಾರಿತ್ತು. ಆಕೆ ನನ್ನ ಕಡೆ ನೋಡಿ, ಒಳಗೆ ಬಾ ಎಂದು ಕೈ ಮಾಡಿದಳು.

ಆಮೇಲೆ ಕುಂದಾಪುರಕ್ಕೆ ಬಂದಿದ್ದ ಮುದುಕಿಯ ಮಗಳನ್ನು ಅಂಗಡಿಗೆ ಕರೆಸಿ, ಆಕೆಯ ಹೆಸರಿನಲ್ಲಿ ಖಾತೆ ಮಾಡಿದೆ. ತಾಯಿಯ ಎಲ್ಲ ಮಾತಿನ ಯಜಮಾನಿಕೆಯನ್ನು ನನ್ನಿಂದ ಆಕೆಗೆ ದಾಟಿಸಿದೆ. ತೆರೆಯುವುದು, ಮುಚ್ಚುವುದು ಹೇಗೆ ಎಂದು ತೋರಿಸಿದೆ.

"ಹಂಗಾರೆ ಇನ್ ನಿಮ್ಗೇ ಪ್ರವೇಶ ಇಲ್ಲೆ ಅಂಬುಕೂ ಆತ್ತಾ?" ಎಂದು ನಕ್ಕಳು.

"ಆತ್ತ್" ಎಂದೆ.

ಕೆಲವು ದಿನ ಬಿಟ್ಟು ಹೊರಗಿನವನಾಗಿ ಆ ಪುಟ ತೆರೆದೆ. ಎಲ್ಲ ತೆರೆದಿತ್ತು, ಒಂದು ಮಾತ್ರ ಮುಚ್ಚಿತ್ತು. ನಾನು 'ಹಳೆಯ ನಂಟು' ಎಂದು ಹೆಸರಿಟ್ಟಿದ್ದ ಮಾತು ಅದು. ಜಡಿಮಳೆಯ ದಿನ ಜ್ವರದಲ್ಲಿ ಬುಟ್ಟಿ ಹೊತ್ತು ಬಂದವಳಿಗೆ ನಮ್ಮ ಅಜ್ಜಿ ಬಿಸಿ ಗಂಜಿಯನ್ನು ದಣಪೆಯವರೆಗೆ ಕಳಿಸಿಕೊಟ್ಟದ್ದು, ಆಕೆ ಅಲ್ಲೇ ಮಳೆಯಲ್ಲಿ ನಿಂತು ಕುಡಿದದ್ದು. ಆಕೆ ನಗುತ್ತ ಹೇಳಿದ್ದಳು. ನಾನು ಗಂಜಿಯನ್ನು ಕೇಳಿಸಿಕೊಂಡಿದ್ದೆ, ಮಳೆಯನ್ನು ಕೇಳಿಸಿಕೊಂಡಿರಲಿಲ್ಲ.

ಫೋನು ಮಾಡಿದೆ. ಮಗಳು ಹೇಳಲೋ ಬೇಡವೋ ಎಂಬಂತೆ, "ಅದ್ರಂಗೆ ನಿಮ್ಮ್ ಅಜ್ಜಿ ಸುದ್ದಿ ಬತ್ತ್ ಅಲ್ದಾ ಅಣ್ಣ. ಊರವ್ರ್ ಕೇಂಡ್ರೆ ನಿಮ್ಮ್ ಮನಿಗೆ ಚಂದ ಅಲ್ಲ. ಅದ್ಕೆ ಬಾಗಿಲ್ ಹಾಕಿಟ್ಟೆ" ಎಂದಳು.

ನನ್ನ ಮಾನ ಉಳಿಸಲು ಆಕೆ ತನ್ನ ತಾಯಿಯ ಮಾತನ್ನು ಮುಚ್ಚಿದ್ದಳು. ತೆರೆದಿಡು, ಊರು ಕೇಳಲಿ ಎಂದು ಬೇಡಿಕೊಂಡೆ.

"ಕಾಂಬ. ಅಬ್ಬಿಯತ್ರ ಕೇಂತೆ. ಅದ್ ತಲೆ ಆಡ್ಸ್ರೆ ತೆಗಿತೆ."

ಸರ್ವರು ಈಗಲೂ ನನ್ನ ಕೈಯಲ್ಲೇ ಇದೆ. ಒಳಗಿನಿಂದ ಹೋದರೆ ಆ ಕಡತ ನನಗೆ ತೆರೆಯುತ್ತದೆ, ತಡೆಯುವವರಿಲ್ಲ. ಹೋಗಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಗಿರಾಕಿಗಳು ಬರುವ ಮೊದಲು, ಹೊರಗಿನವನಾಗಿ ಅದನ್ನು ಒತ್ತಿ ನೋಡುತ್ತೇನೆ. ನಾನೇ ಬರೆದ ಮರ್ಯಾದೆಯ ಸಾಲು ಬರುತ್ತದೆ. ಮುದುಕಿ ಇನ್ನೂ ತಲೆ ಆಡಿಸಿಲ್ಲ.